ಮೆಸ್ಸೀಯ ಬಾರದ ಬೆಳಿಗ್ಗೆ

ಪಕ್ಕದ್ಮನೆ ಸೈಮನ್ ಅಂಕಲ್ ಮೊನ್ನೆ ನಮ್ಮ ಬಾಗಿಲು ತಟ್ಟಿ ಇಸ್ತ್ರಿಪೆಟ್ಟಿಗೆ ಕೇಳಿದರು. ಅವರದ್ದು ಕೆಟ್ಟಿತ್ತಂತೆ.

"ಏನು ಅಂಕಲ್, ಮದುವೆಗೆ ಹೊರಟ್ರಾ?" ಅಂದೆ.

"ಇಲ್ಲ, ರೂತ್ ಬರ್ತಾಳೆ" ಅಂದರು.

ರೂತ್ ಅವರ ಹೆಂಡತಿ. ತೀರಿಕೊಂಡು ಕೆಲವು ವರ್ಷವೇ ಆಯಿತು. (ಯಹೂದಿಗಳ ಸಾವಿನ ಮನೆಗೆ ಹೂ ಒಯ್ಯೋ ಪದ್ಧತಿ ಇಲ್ಲ ಅಂತ ನನಗೆ ಗೊತ್ತಾಗಿದ್ದೇ ಅವತ್ತು!)

ವಿಷಯ ಇಷ್ಟು. ಅಂಕಲ್ ಶ್ರದ್ಧಾವಂತ ಯಹೂದಿ. ಲೋಕ ಸರಿಮಾಡೋಕೆ ಮೆಸ್ಸೀಯ ಬರ್ತಾನೆ, ಆಗ ಸತ್ತವರೂ ಎದ್ದು ಬರ್ತಾರೆ ಅನ್ನೋದು ಅವರ ನಂಬಿಕೆ. ಎಲ್ಲೋ ದೂರದ ಧರ್ಮಗುರು ಒಬ್ಬ ಯೂಟ್ಯೂಬ್‌ನಲ್ಲಿ ಲೆಕ್ಕ ಹಾಕಿ, ಈ ಸಲದ ಯಹೂದಿ ಹೊಸವರ್ಷ ಹುಟ್ಟೋದ್ರೊಳಗೆ ಬಂದೇ ಬರ್ತಾನೆ ಅಂದುಬಿಟ್ಟಿದ್ದ. ಅಂಕಲ್ ನಂಬಿದರು. ಆಂಟಿಯ ನೀಲಿ ಡ್ರೆಸ್ ಇಸ್ತ್ರಿ ಮಾಡಿ ಹಾಲ್‌ನಲ್ಲಿ ನೇತುಹಾಕಿದರು.

ನಗೋದು ಸುಲಭ. ನಾನೇನು ಕಮ್ಮಿಯಾ? ಪ್ರಳಯ ಪ್ರಳಯ ಅಂತ ಟೀವಿಯವರು ಕೂಗಿದಾಗ ಮೈಸೂರಿಗೆ ಫೋನ್ ಮಾಡಿ ಅಮ್ಮನನ್ನು ವಿಚಾರಿಸಿಕೊಂಡವಳು!

ಹೊಸವರ್ಷ ಹುಟ್ಟಿತು. ಅಡಿಲೇಡಿನ ನಮ್ಮ ಕಿಲ್ಬರ್ನ್‌ಗೆ ಯಾರೂ ಬರಲಿಲ್ಲ.

ಹಬ್ಬದ ಎರಡೂ ದಿನ ಅಂಕಲ್ ಮನೆಯ ಕರ್ಟನ್ ಸರಿಯಲಿಲ್ಲ. ಪ್ರಾರ್ಥನೆಗೂ ಹೋಗಲಿಲ್ಲ. "ಈಸ್ ಹಿ ಓಕೆ, ಅಮ್ಮಾ?" ಅಂದಳು ಮಗಳು.

ಮಾರನೇ ಬೆಳಿಗ್ಗೆ ಹೆದರಿಕೊಂಡೇ ಬೆಲ್ ಒತ್ತಿದೆ. ಅಂಕಲ್ ಸೂಟ್ ಹಾಕಿ ನಿಂತಿದ್ದರು. ಕಣ್ಣು ಊದಿಕೊಂಡಿತ್ತು.

"ನಮ್ಮ ಪ್ರಾರ್ಥನಾ ಮಂದಿರದ ಡ್ಯಾನಿ ಫೋನ್ ಮಾಡಿದ್ದ. ಪ್ರಾರ್ಥನೆಗೆ ಒಬ್ಬರು ಕಮ್ಮಿ ಇದ್ದಾರಂತೆ. ನನ್ನನ್ನ ಮಂದಿರಕ್ಕೆ ಬಿಡ್ತೀಯಾ?"

ಕಾರಿನಲ್ಲಿ ತಡೆಯಲಾರದೆ ಕೇಳಿದೆ: "ತುಂಬಾ ಬೇಜಾರಾಯ್ತಾ?"

"ಎರಡು ದಿನ ಅತ್ತೆ. ದೇವರ ಜತೆ ಜಗಳ ಆಡಿದೆ. ಜಗಳ ಇನ್ನೂ ಮುಗಿದಿಲ್ಲ" ಅಂದರು. "ಆದ್ರೆ ಡ್ಯಾನಿ ಅವರಪ್ಪನ ಹೆಸರಲ್ಲಿ ಪ್ರಾರ್ಥನೆ ಹೇಳಬೇಕು. ಹೊಸ ಸಾವು. ಹತ್ತು ಗಂಡಸರು ಸೇರದಿದ್ರೆ ಹೇಳೋ ಹಾಗಿಲ್ಲ. ನನ್ನ ಜಗಳಕ್ಕೆ ಅವನ್ಯಾಕೆ ಕಾಯಬೇಕು?"

"ಮೆಸ್ಸೀಯ?"

"ಲೆಕ್ಕ ತಪ್ಪಿದ್ದು ಆ ಗುರುವಿನದು. ನಮ್ಮಜ್ಜ ಕಾದರು, ಅಪ್ಪ ಕಾದರು. ಕಾಯ್ತಾನೇ ಅಂಗಡಿ ನಡೆಸಿದ್ರು, ಮಕ್ಕಳ ಮದುವೆ ಮಾಡಿದ್ರು. ನಾನು ಸ್ವಲ್ಪ ಅವಸರಪಟ್ಟೆ, ಅಷ್ಟೇ."

ಗೇಟಿನಲ್ಲೇ ಡ್ಯಾನಿ ಕಾಯುತ್ತಿದ್ದ. ಅಂಕಲ್ ಏನು ನಂಬಿದ್ದರು ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತು. ಒಂದು ಕೊಂಕುಮಾತೂ ಇಲ್ಲ, ಒಂದು ಕಿರುನಗೆಯೂ ಇಲ್ಲ. (ನಮ್ಮ ವಾಟ್ಸ್ಆ್ಯಪ್ ಗ್ರೂಪ್ ಆಗಿದ್ದರೆ?) "ಬನ್ನಿ, ನಿಮಗೋಸ್ಕರ ಪ್ರಾರ್ಥನೆ ನಿಲ್ಲಿಸಿದ್ದೀವಿ" ಅಂತ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ.

ನಾನು ಆಫೀಸಿಗೆ ಲೇಟಾದೆ. ಆಗಲಿ ಬಿಡಿ.

ತಾವು ಕಾದವರು ಬಾರದೇ ಹೋದ ಮೇಲೂ, ತಮಗಾಗಿ ಕಾಯುತ್ತಿರೋರ ಹತ್ತಿರ ಎದ್ದು ಹೋಗೋದು ಎಷ್ಟು ಜನಕ್ಕೆ ಆಗುತ್ತೆ ಹೇಳಿ?