ಐವತ್ತೆಂಟರ ಸೈಕಲ್

ನನ್ನ ಅಕ್ಕ ಎರ್ಸಿಲಿಯಾಳ ಗಂಡ ಫೆದೇಲೆಯನ್ನು ಊರಿನವರು ಜಿಪುಣ ಅನ್ನುತ್ತಾರೆ, ಹಮ್ಮಿನವನು ಅನ್ನುತ್ತಾರೆ. ಸೈಕಲ್ಲನ್ನು ಅಡುಗೆಮನೆ ಗೋಡೆಗೆ ನೇತುಹಾಕಿ ಪೂಜೆ ಮಾಡಿದವನು ಎಂದು ನನ್ನ ಬಾರಿನಲ್ಲೇ ಕೂತು, ನಾನು ಸುರಿದ ವೈನನ್ನೇ ಕುಡಿದು ನಗುತ್ತಾರೆ. ಅವರ ನಾಲಿಗೆಗೆ ಬರೆ ಹಾಕಬೇಕು ಅನ್ನಿಸುತ್ತದೆ. ನನಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ. ಯಾರಿಗೂ ಹೇಳಬೇಡ ಎಂದು ಫೆದೇಲೆ ನನ್ನಿಂದ ಮಾತು ತೆಗೆದುಕೊಂಡಿದ್ದ. ಈಗ ಹೇಳಿದರೆ ಕೆಡುವುದೇನೂ ಇಲ್ಲ, ಕೆಡಬೇಕಾದ್ದೆಲ್ಲ ಕೆಟ್ಟಾಗಿದೆ.

ಹರೆಯದಲ್ಲಿ ಫೆದೇಲೆ ಬ್ರೇಗಾನ ತಂಡದಲ್ಲಿ ಸೈಕಲ್ ರೇಸ್ ಓಡಿದವನು. ಬ್ರೇಗಾ ನಾಯಕ, ಫೆದೇಲೆ ಆಳು. ನಾಯಕನಿಗೆ ನೀರು ತಂದುಕೊಡುವುದು, ಅವನ ಟೈರು ಪಂಕ್ಚರಾದರೆ ತನ್ನ ಚಕ್ರ ಬಿಚ್ಚಿ ಕೊಡುವುದು, ಬಯಲಿನಲ್ಲಿ ಅವನ ಮುಂದೆ ಓಡಿಸುತ್ತಾ ಎದುರುಗಾಳಿಗೆ ಎದೆಕೊಡುವುದು ಆಳಿನ ಕೆಲಸ. ಬೆಟ್ಟದ ಬುಡ ಬಂತೆಂದರೆ ಆಳು ಪಕ್ಕಕ್ಕೆ ಸರಿಯಬೇಕು. ಮೇಲೆ ಹೋಗಿ ಗೆಲ್ಲುವುದು ನಾಯಕನ ಪಾಲಿನದು. ನಮ್ಮೂರ ಬೆಟ್ಟದ ಮೇಲೆ, ಮಾತೆ ಮರಿಯಳ ಗುಡಿಯ ಮುಂದೆ ಬ್ರೇಗಾ ಗೆದ್ದ ದಿನವೂ ಹಾಗೇ ಆಯಿತು. ಬಯಲಿನಲ್ಲೇ ಜೀವ ತೇದು ಹಾಕಿದ್ದ ಫೆದೇಲೆ ತೇಕುತ್ತಾ ಮೇಲೆ ಮುಟ್ಟುವ ಹೊತ್ತಿಗೆ ಬ್ಯಾಂಡಿನವರು ವಾದ್ಯಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಜನ ಇಳಿದು ಹೋಗುತ್ತಿದ್ದರು. ಮಗ ಬರುತ್ತಾನೆಂದು ಕಾದ ಅವನ ಅಮ್ಮನೂ, ಇನ್ನು ಬರಲಾರ ಎಂದುಕೊಂಡು ಬೇರೆ ದಾರಿಯಲ್ಲಿ ಇಳಿದುಬಿಟ್ಟಿದ್ದಳು.

ಮುಂದಿನ ವರ್ಷ ಅವನು ರೇಸ್ ಬಿಟ್ಟ. ನಲ್ಲಿ ಮಾಡುವ ಕಾರ್ಖಾನೆಗೆ ಸೇರಿ, ನಿವೃತ್ತಿಯಾಗುವ ತನಕ ಯಂತ್ರದ ಮುಂದೆ ಬಗ್ಗಿ ನಿಂತು ಹಿತ್ತಾಳೆ ಉಜ್ಜಿದ. ಸೈಕಲ್ ತಂಡದ್ದು, ವಾಪಸು ಕೊಟ್ಟಿದ್ದ. ಅದರ ಬಗ್ಗೆ ಅವನು ಗೊಣಗಿದ್ದನ್ನು ನಾನು ಕೇಳಿಲ್ಲ. ಆದರೆ ಪ್ರತಿ ಕ್ರಿಸ್‌ಮಸ್ಸಿಗೆ, ಎರಡು ಲೋಟ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು: "ಜನ ಇರೋವಾಗ ಒಂದ್ಸಲ ಆ ಬೆಟ್ಟ ಹತ್ಬೇಕು ತೆಕ್ಲಾ. ಗೆಲ್ಲೋದೇನೂ ಬೇಡ. ಜನ ಇರ್ಬೇಕು ಅಷ್ಟೆ."

ಆ ಗೆಲುವಿಗೆ ಐವತ್ತು ವರ್ಷ ತುಂಬುತ್ತದೆಂದು ಆವತ್ತಿನ ಸೈಕಲ್ ಕಾರ್ಖಾನೆಯವರು ಹೋದ ವರ್ಷ ನೆನಪಿನ ಸೈಕಲ್ ಮಾಡಲು ಹೊರಟರು. ಆವತ್ತಿನದೇ ನೀಲಿ ಬಣ್ಣ, ಆವತ್ತಿನದೇ ಉಕ್ಕು, ನಲವತ್ತೇ ನಲವತ್ತು. ಬ್ರೇಗಾ ಸತ್ತು ಬಹಳ ಕಾಲವಾಗಿತ್ತು. ತಂಡದಲ್ಲಿ ಬದುಕುಳಿದವರಿಗೆ ಅವರವರ ಹೆಸರು ಬರೆಸಿದ ಒಂದೊಂದು ಸೈಕಲ್ ಉಡುಗೊರೆ. ಸೆಪ್ಟೆಂಬರಿನ ಒಂದು ಭಾನುವಾರ ಎಲ್ಲರೂ ಅದೇ ಸೈಕಲ್ಲಿನಲ್ಲಿ ಒಟ್ಟಿಗೆ ಬೆಟ್ಟ ಹತ್ತುವುದು, ಮೇಲೆ ಬ್ಯಾಂಡು, ಪಾದ್ರಿಯ ಆಶೀರ್ವಾದ ಎಂದು ಊರಿನ ಸೈಕಲ್ ಸಂಘ ಸಾರಿತು. ಫೆದೇಲೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕಾರ್ಖಾನೆಯ ಹುಡುಗಿ ಫೋನು ಮಾಡಿದಾಗ ನಾನು ಅವರ ಅಡುಗೆಮನೆಯಲ್ಲೇ ಹುರುಳಿಕಾಯಿ ಸೋಸುತ್ತಿದ್ದೆ. ಓಡಿಸುವವನ ಮೈಗೆ ತಕ್ಕ ಹಾಗೆ ಸೈಕಲ್ಲಿನ ಚೌಕಟ್ಟು ಎಷ್ಟು ಸೆಂಟಿಮೀಟರ್ ಇರಬೇಕೆಂದು ಅಳತೆ ಕೇಳಿದಳು.

"ಐವತ್ತೆಂಟು," ಅಂದ ಫೆದೇಲೆ.

ಒಮ್ಮೆ ಬಂದು ಅಳತೆ ಕೊಟ್ಟು ಹೋಗಿ ಎಂದಳೇನೋ. ಇವನ ಮುಖ ಕೆಂಪಾಯಿತು. "ಏನಮ್ಮಾ, ನಿನ್ನ ಹೆಸರನ್ನ ನಿಂಗೆ ಬೇರೆಯವ್ರು ನೋಡಿ ಹೇಳ್ಬೇಕಾ? ಐವತ್ತೆಂಟು ಅಂದ್ರೆ ಐವತ್ತೆಂಟು. ಬರ್ಕೊ."

ನಮ್ಮ ಕಣಿವೆಯಲ್ಲಿ ರೇಸ್ ಓಡಿದ ಯಾವ ಗಂಡಸೂ ಅಳತೆ ಕೊಡಲು ಹೋಗುತ್ತಿರಲಿಲ್ಲ. ತಂಡದ ಮೆಕ್ಯಾನಿಕ್ಕು ಅವರನ್ನು ಹೆಸರು ಹಿಡಿದು ಕರೆದವನೇ ಅಲ್ಲ, 'ಐವತ್ತೆಂಟು, ಬಾರೋ ಇಲ್ಲಿ' ಎಂದೇ ಕೂಗುತ್ತಿದ್ದ. ನನ್ನ ಗಂಡ, ಅವನಿಗೆ ಶಾಂತಿ ಸಿಗಲಿ, ಕೊನೆಗಾಲದಲ್ಲಿ ಹೆತ್ತ ಮಗಳ ಹೆಸರು ಮರೆತಿದ್ದ, ಸೈಕಲ್ಲಿನ ಅಳತೆ ಮರೆತಿರಲಿಲ್ಲ.

ಜೂನಿನಲ್ಲಿ ಸೈಕಲ್ ಬಂತು. ಚೆಂದವಿತ್ತು, ಸುಳ್ಳು ಹೇಳುವುದೇಕೆ. ಫೆದೇಲೆ ಅದನ್ನು ಹಿತ್ತಲಿನ ಕೊಟ್ಟಿಗೆಗೆ ಒಯ್ದು ಬಾಗಿಲು ಹಾಕಿಕೊಂಡ. ಬಹಳ ಹೊತ್ತಿನ ಮೇಲೆ ಹೊರಬಂದವನು ಸುತ್ತಿಗೆ ಹುಡುಕಿ, ಅಡುಗೆಮನೆ ಗೋಡೆಗೆ ಎರಡು ಕೊಕ್ಕೆ ಹೊಡೆದು ಸೈಕಲ್ ನೇತುಹಾಕಿದ. "ಇದು ಓಡ್ಸೋಕಲ್ಲ, ಇಟ್ಕೊಳ್ಳೋಕೆ," ಅಂದ. ಆ ಜಾಗದಲ್ಲಿದ್ದ ನಮ್ಮಮ್ಮನ ಫೋಟೊ ಮೇಜಿನ ಮೇಲೆ ಮಕಾಡೆ ಬಿದ್ದಿತ್ತು. ಎರ್ಸಿಲಿಯಾ ಒಂದು ವಾರ ಅವನ ಜೊತೆ ಮಾತು ಬಿಟ್ಟಳು.

ನನ್ನ ಬಾರಿನಲ್ಲಿ ಬೇಸಿಗೆಯೆಲ್ಲ ಅದೇ ಮಾತು. ಕಟುಕ ಅಂಬ್ರೋಜೊ ಹೇಳುತ್ತಿದ್ದ, "ಓಡಿಸದ ಸೈಕಲ್ಲು, ಕುಡೀದೆ ಬಚ್ಚಿಟ್ಟ ವೈನು ಎರಡೂ ಒಂದೇ ಕಣೋ. ನೀನು ಸತ್ಮೇಲೆ ಅಳಿಯ ಕುಡೀತಾನೆ."

"ನನಗೆ ಅಳಿಯ ಇಲ್ಲ," ಅಂದ ಫೆದೇಲೆ.

"ಹಾಗಾದ್ರೆ ನಾನೇ ಕುಡೀತೀನಿ ಬಿಡು."

ಸಂಘದ ಅಧ್ಯಕ್ಷ ಔರೇಲಿಯೊ ನಗಲಿಲ್ಲ. ಅವನೂ ಹಳೆಯ ತಂಡದವನೇ, ಅವನಿಗೂ ಒಂದು ಸೈಕಲ್ ಬಂದಿತ್ತು. "ಯಾಕೋ ಫೆದೇಲೆ, ನಿಜವಾಗ್ಲೂ ಓಡ್ಸಬಾರ್ದು ಅಂತೀಯ?"

ಓಡಿಸೋದಕ್ಕಲ್ಲ ಎಂದು ಒಮ್ಮೆ ಹೇಳಿಯಾಗಿತ್ತು, ಈಗ ಹಿಂದೆ ಸರಿಯುವುದು ಹೇಗೆ? ಫೆದೇಲೆ ಪಾದ್ರಿಯ ಹಾಗೆ ಉಪದೇಶ ಕೊಟ್ಟ. "ಕೈಯಿಂದ ಬಳಿದ ಬಣ್ಣ ಅದು. ಬೆವರು ಬಿದ್ರೆ ತುಕ್ಕು, ಕಲ್ಲು ಸಿಡಿದ್ರೆ ಗೀರು. ಓಡ್ಸೋಕೆ ಸಾವಿರ ಸೈಕಲ್ ಇವೆ. ಇಂಥದು ಇರೋದು ನಲವತ್ತೇ." ಔರೇಲಿಯೊ ತಲೆಯಾಡಿಸುತ್ತಾ ಕಾಫಿ ಮುಗಿಸಿ ಹೋದ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಎರ್ಸಿಲಿಯಾ ಅಳುತ್ತಾ ಬಂದಳು. "ಅವನಿಗೆ ಏನಾಗಿದೆ ನೋಡೇ. ಊಟ ಸೇರಲ್ಲ, ನಿದ್ದೆ ಇಲ್ಲ. ಐವತ್ತು ವರ್ಷ ನನ್ನ ತಲೆ ತಿಂದ, ಬೆಟ್ಟ ಹತ್ಬೇಕು ಹತ್ಬೇಕು ಅಂತ. ಈಗ ಬಣ್ಣ ಹೋಗುತ್ತೆ ಅಂತಾನೆ." ಅವಳನ್ನು ಬಾರಿನಲ್ಲೇ ಕೂರಿಸಿ ನಾನು ಹೋದೆ. ಅಡುಗೆಮನೆ ಗೋಡೆ ಖಾಲಿ ಇತ್ತು. ಕೊಟ್ಟಿಗೆಯಲ್ಲಿ ಅವನು ಗೋಡೆಗೆ ಭುಜ ಆನಿಸಿ ಸೈಕಲ್ ಮೇಲೆ ಕೂತಿದ್ದ. ಸೀಟು ಪೂರ್ತಿ ಕೆಳಗಿಳಿಸಿದ್ದ. ಎರಡೂ ಕೈ ಮುಂದಕ್ಕೆ ಚಾಚಿದ್ದ. ಮುಂದಕ್ಕೆ ಬಾಗಿದ ಹ್ಯಾಂಡಲ್ಲಿನ ತುದಿಯಲ್ಲಿದ್ದ ಬ್ರೇಕಿನ ಹಿಡಿಗೂ ಅವನ ಬೆರಳಿಗೂ ನಡುವೆ ಒಂದು ಗೇಣು ಜಾಗವಿತ್ತು.

ನನ್ನನ್ನು ಕಂಡು ಬೈದ. ಬೈದು ಮುಗಿಸಿ, ಇಳಿಯಲಾಗದೆ ಹಾಗೇ ಕೂತ. ನಾನು ಹಿಡಿದು ಇಳಿಸಿದೆ.

"ಕುಗ್ಗಿಹೋಗಿದ್ದೀನಿ ಕಣೇ ತೆಕ್ಲಾ," ಅಂದ. "ಬೆನ್ನು ಬಗ್ಗೋಗಿದೆ. ಇಷ್ಟು ವರ್ಷ ಕನ್ನಡಿ ನೋಡಿದ್ದೀನಿ, ಗೊತ್ತೇ ಆಗ್ಲಿಲ್ಲ."

"ಬೇರೆ ಕೇಳೋಣ. ಚಿಕ್ಕದು."

"ಏನಂತ ಕೇಳ್ತೀಯ? ಐವತ್ತೆಂಟು ಈಗ ಐವತ್ತೆಂಟಲ್ಲ ಅಂತಲಾ?" ಎರ್ಸಿಲಿಯಾಗೂ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡ. ಅವಳಿಗೆ ತಾನು ಜಿಪುಣ ಎನಿಸಿದರೂ ಪರವಾಗಿಲ್ಲವಂತೆ. ಎಂಥ ಗಂಡಸರಪ್ಪ ಇವರು.

ನನಗೆ ಒಂದು ಯೋಚನೆ ಬಂತು. "ಹತ್ತೋವಾಗ ಬ್ರೇಕ್ ಯಾಕೋ ಬೇಕು ನಿಂಗೆ? ಹ್ಯಾಂಡಲ್ ನಡುವಿಗೆ ಕೈ ಸಿಗುತ್ತಲ್ಲ, ಅದನ್ನೇ ಹಿಡ್ಕೊಂಡು ಹತ್ತು. ಇಳಿಯೋಕೆ ನನ್ನ ಕಾರಿದೆ." ಫೆದೇಲೆ ನನ್ನನ್ನೇ ನೋಡಿದ. ಅವನ ಮುಖ ಹಾಗೆ ಅರಳಿದ್ದನ್ನು ಅವನ ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಆಮೇಲೆ ದಿನಾ ಬೆಳಗ್ಗೆ, ಎರ್ಸಿಲಿಯಾ ಚರ್ಚಿಗೆ ಹೋದ ಹೊತ್ತಿನಲ್ಲಿ, ಕಾಲುವೆಯ ಮಣ್ಣುದಾರಿಯಲ್ಲಿ ಓಡಿಸಿ ಅಭ್ಯಾಸ ಮಾಡಿದ. ಎರಡು ಸಲ ಬಿದ್ದ. ಮೊಣಕೈ ಗಾಯಕ್ಕೆ ನಾನೇ ಔಷಧಿ ಹಚ್ಚಿದೆ. ಔರೇಲಿಯೊಗೆ ಮೊದಲೇ ಒಂದು ಮಾತು ಹೇಳು ಎಂದರೆ ಕೇಳಲಿಲ್ಲ. "ಓಡ್ಸಲ್ಲ ಅಂತ ಊರಿಗೆಲ್ಲ ಡಂಗೂರ ಹೊಡ್ದಿದ್ದೀನಿ. ಆ ದಿನ ಸುಮ್ನೆ ಹೋಗಿ ಅವರ ಪಕ್ಕ ನಿಂತ್ಬಿಡ್ತೀನಿ. ಯಾರು ಏನು ಕೇಳ್ತಾರೆ?" ಅಂದ.

ಆ ಭಾನುವಾರ ಫೆದೇಲೆ ಹಳೆಯ ಉಣ್ಣೆಯ ನೀಲಿ ಅಂಗಿ ತೊಟ್ಟು ಮನೆಯಿಂದ ಊರ ಚೌಕಕ್ಕೆ ಸೈಕಲ್ ಓಡಿಸಿಕೊಂಡೇ ಬಂದ, ಹಿಂದೆಯೇ ಕಾರಿನಲ್ಲಿ ನಾನು. ಚೌಕದಲ್ಲಿ ಒಂದು ಬಸ್ಸು ನಿಂತಿತ್ತು, ಅದರ ಹಿಂದೆ ಒಂದು ವ್ಯಾನು. ವ್ಯಾನಿನೊಳಗೆ ಉಳಿದ ಸೈಕಲ್ಲುಗಳನ್ನು ಕಂಬಳಿ ಸುತ್ತಿ, ಹಸುಗೂಸುಗಳನ್ನು ಮಲಗಿಸಿದ ಹಾಗೆ ಮಲಗಿಸಿದ್ದರು. ಹಳೆಯ ತಂಡದ ಮುದುಕರೆಲ್ಲ ಕೋಟು ಟೈ ಹಾಕಿ ಬಸ್ಸಿನ ಬಾಗಿಲಲ್ಲಿ ನಿಂತಿದ್ದರು.

ಔರೇಲಿಯೊ ಓಡಿಬಂದ. "ಅಯ್ಯೋ, ಇದನ್ನ ಓಡಿಸ್ಕೊಂಡು ಬಂದ್ಯೇನೋ? ನೋಡಿಲ್ಲಿ, ಚಕ್ರಕ್ಕೆಲ್ಲ ಧೂಳು."

"ಹತ್ತೋದು..." ಅಂದ ಫೆದೇಲೆ.

"ಹತ್ತೋದೆಲ್ಲ ನಿನ್ನೆ ರಾತ್ರಿ ಸಂಘದಲ್ಲಿ ಕ್ಯಾನ್ಸಲ್ ಮಾಡಿದ್ವಲ್ಲೋ. ನೀನು ಹೇಳಿದ್ದೇ ಸರಿ ಅಂತ ಎಲ್ರೂ ಒಪ್ಕೊಂಡ್ರು. ಬೆವರು, ತುಕ್ಕು, ಗೀರು ಎಲ್ಲ ನೀನಂದ ಹಾಗೇ ಹೇಳ್ದೆ ನಾನು. ಮೇಲೆ ಹಗ್ಗ ಕಟ್ಟಿ ಜನಕ್ಕೆ ತೋರ್ಸೋಣ. ನಾವು ಬಸ್ಸಲ್ಲಿ ಹೋಗೋಣ. ನಿಂಗೆ ತಿಳಿಸೋದೇನಿದೆ, ನಿಂದೇ ಬುದ್ಧಿ ತಾನೆ?" ಎಂದು ಜೇಬಿನಿಂದ ಕರ್ಚೀಫು ತೆಗೆದು ಟೈರು ಒರೆಸತೊಡಗಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ನಿಜ ಹೇಳಿಬಿಡಲು ಬಾಯಿ ತೆರೆದೆ. ಫೆದೇಲೆ ನನ್ನ ತೋಳನ್ನು ಮೂಳೆ ನೋಯುವ ಹಾಗೆ ಹಿಡಿದ. ಚರ್ಚಿನಿಂದ ನೇರ ಅಲ್ಲಿಗೆ ಬಂದಿದ್ದ ಎರ್ಸಿಲಿಯಾ ಟೋಪಿ ಸರಿಮಾಡಿಕೊಳ್ಳುತ್ತಾ, "ಸಮಾಧಾನ ಆಯ್ತಾ ಈಗ? ನೀನೂ ಹತ್ಲಿಲ್ಲ, ಬೇರೆಯವ್ರಿಗೂ ಹತ್ತೋಕೆ ಬಿಡ್ಲಿಲ್ಲ," ಎಂದು ಬಸ್ಸು ಹತ್ತಿದಳು. ಫೆದೇಲೆ ಸೈಕಲ್ಲನ್ನು ತಾನೇ ಎತ್ತಿ ವ್ಯಾನಿಗೆ ಕೊಟ್ಟ.

ಬಸ್ಸಿನಲ್ಲಿ ನಾನು ಅವನ ಪಕ್ಕ ಕೂತೆ. "ಇನ್ನೊಂದು ದಿನ ನಾವಿಬ್ರೇ ಬರೋಣ," ಎಂದು ಪಿಸುಗುಟ್ಟಿದೆ.

"ಇನ್ನೊಂದು ದಿನ ಜನ ಎಲ್ಲಿರ್ತಾರೆ?" ಅಂದ.

ಮೇಲೆ ಜನವೋ ಜನ. ಬ್ಯಾಂಡು ಬಾರಿಸುತ್ತಿತ್ತು, ಮಕ್ಕಳು ಬೇಲಿ ಹತ್ತಿ ಕೂತಿದ್ದರು. ಮುದುಕರು ಒಬ್ಬೊಬ್ಬರಾಗಿ ಇಳಿದರು. ಫೆದೇಲೆ ಇಳಿಯಲಿಲ್ಲ. ಮಂಡಿ ನೋಯುತ್ತೆ, ನೀನು ಹೋಗು ಅಂದ. ನಾನು ಹೋಗಲಿಲ್ಲ. ಹಗ್ಗದ ಆಚೆ ಒಂದೊಂದೇ ಸೈಕಲ್ಲನ್ನು ಎತ್ತಿ ಹಿಡಿದು, ಮೈಕಿನಲ್ಲಿ ಅವರವರ ಹೆಸರು ಕೂಗುತ್ತಿದ್ದರು. ಅವನ ಹೆಸರೂ ಬಂತು. ಬೆಟ್ಟವೇ ಅದುರುವ ಹಾಗೆ ಚಪ್ಪಾಳೆ ಬಿತ್ತು.

"ನಿಂಗೇ ಕಣೋ ಚಪ್ಪಾಳೆ. ಒಂದು ಸಲ ಕೆಳಗಿಳಿ," ಅಂದೆ.

"ಸೈಕಲ್ಲಿಗೆ," ಅಂದ ಫೆದೇಲೆ, ಆ ಕಡೆ ನೋಡದೆ.

ಪಾದ್ರಿ ಪ್ರಾರ್ಥನೆ ಶುರು ಮಾಡಿದರು. ಫೆದೇಲೆ ಎದ್ದುಹೋಗಿ ಬಸ್ಸಿನ ಕೊನೆಯ ಸೀಟಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತ. ಎಲ್ಲರೂ ವಾಪಸು ಬರುವ ತನಕ ಹಾಗೇ ಕೂತಿದ್ದ.