ಮೇಷ್ಟ್ರು ರೆಪ್ಪೆ ಮಿಟುಕಿಸಿದ್ದು

ಕಾಗದ ಹಂಚೋ ಕೆಲಸದ ಜೊತೆಗೆ ನಮ್ಮಂಥ ಪೋಸ್ಟ್‌ಮ್ಯಾನ್‌ಗಳಿಗೆ ಈಗ ಇನ್ನೊಂದು ಕೆಲಸ ಅಂಟಿಕೊಂಡಿದೆ. ಪಿಂಚಣಿದಾರರ ಮನೆಗೆ ಹೋಗಿ, ಅವರಿನ್ನೂ ಬದುಕಿದ್ದಾರೆ ಅಂತ ಮೊಬೈಲನ್ನು ನಂಬಿಸೋದು.

ಹೊಳೆನರಸೀಪುರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು ನನಗಾಗಿ ಕಾಯ್ತಿದ್ದರು. ನಾನು ಮೊಬೈಲು ಹಿಡಿದು, "ಇಲ್ಲಿ ನೋಡ್ತಾ ಒಂದ್ಸಲ ಕಣ್ಣು ಮಿಟುಕಿಸಿ ಸಾ, ಅಷ್ಟೇ ಸಾಕು" ಅಂದೆ. ಅವರು ಉಸಿರು ಬಿಗಿಹಿಡಿದು ಕಣ್ಣು ಇನ್ನಷ್ಟು ಅಗಲಿಸಿದರು. ಮೊಬೈಲು ಒಪ್ಪಲಿಲ್ಲ. ಮೂರು ಸಲ ಪ್ರಯತ್ನಿಸಿದರೂ ಅದೇ ಕಥೆ. ಜೀವಿತ ಪ್ರಮಾಣಪತ್ರಕ್ಕೆ ಅವತ್ತೇ ಕಡೇ ದಿನ. ತಪ್ಪಿದರೆ ಅವರ ಪಿಂಚಣಿ ನಿಲ್ಲುತ್ತೆ.

"ಆಗ್ತಿಲ್ಲ ಕಣಪ್ಪ" ಅಂದರು ಮೇಷ್ಟ್ರು. "ಪ್ರತಿ ವರ್ಷ ಗ್ರೂಪ್ ಫೋಟೋಗೆ ನಿಲ್ಲಿಸಿ, ಕಣ್ಣು ಮಿಟುಕಿಸಿದ್ರೆ ಬೆತ್ತ ತಗೋತೀನಿ ಅಂತ ಮಕ್ಕಳನ್ನ ಹೆದರಿಸ್ತಿದ್ದೆ. ಈಗ ಕ್ಯಾಮೆರಾ ಕಂಡ್ರೆ ನನ್ನ ರೆಪ್ಪೇನೇ ಅಲ್ಲಾಡಲ್ಲ."

ಅಕ್ಕಿ ತೊಳೀತಿದ್ದ ಅವರ ಹೆಂಡತಿ ಅಡುಗೆಮನೆಯಿಂದ ಬಂದರು. ಒದ್ದೆ ಕೈಯನ್ನು ಗಂಡನ ಮುಖಕ್ಕೆ ಕೊಡವಿದರು. ಮೇಷ್ಟ್ರು ಪಟಪಟ ರೆಪ್ಪೆ ಬಡಿದರು. ಮೊಬೈಲಿನಲ್ಲಿ ಹಸಿರು ಗುರುತು ಮೂಡಿತು. ಸದ್ಯ, ನನಗೂ ಉಸಿರು ಬಂತು.

ಕಾಫಿ ಕುಡಿದು ಹೊರಟೆ. ಮೇಷ್ಟ್ರು ಗೇಟಿನ ತನಕ ಬಂದು ದನಿ ತಗ್ಗಿಸಿದರು: "ಕಣ್ಣು ಮುಚ್ಚಿರೋ ಫೋಟೋನೇ ಸರ್ಕಾರಕ್ಕೆ ಹೋಯ್ತೇನಪ್ಪಾ? ಇನ್ನೊಂದು ತೆಗಿ. ಅಲ್ಲಿ ನನ್ನ ಶಿಷ್ಯರು ಯಾರಾದ್ರೂ ಇದ್ರೆ?"