ಹಳೇ ಮಾಲು ಮೊದಲು

ಹೋದ ಭಾನುವಾರ ಹೊಸಪೇಟೆಯ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ, ಗುರುತು ಪರಿಚಯ ಯಾವುದೂ ಇಲ್ಲದ ಒಬ್ಬ ಹಿರಿಯರ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ. ಅವರು ಮಾಡಿದ್ದೇನೂ ಅಪರಾಧವಲ್ಲ. ಬಾಗಿಲ ಬಳಿ ಬಿಸ್ಕತ್ತಿನ ಪೊಟ್ಟಣಗಳನ್ನು ಎದೆಯೆತ್ತರ ಪೇರಿಸಿಟ್ಟಿದ್ದರು. ಅವರು ಬಗ್ಗಿ ತಳದ ಸಾಲಿನಿಂದ ಒಂದನ್ನು ಎಳೆಯುತ್ತಿದ್ದರು, ಅಷ್ಟೆ. "ಬ್ಯಾಡ್ರಿ, ಕೆಳಗಿಂದು ಎಳೀಬ್ಯಾಡ್ರಿ" ಅಂದೆ. ಅವರು ನನ್ನ ಮುಖ ನೋಡಿದರು, ಹಿಡಿದ ಕೈ ನೋಡಿದರು. ಆಮೇಲೆ ಸಮಾಧಾನದ ದನಿಯಲ್ಲಿ, "ಬಿಸ್ಕೀಟು ಬಿದ್ರ ಏನಾಗ್ತೈತಿ ತಂಗಿ?" ಅಂದರು.

ನಿಜವೇ. ಬಿಸ್ಕತ್ತು ಬಿದ್ದರೆ ಏನೂ ಆಗುವುದಿಲ್ಲ. ಕ್ಷಮೆ ಕೇಳಿ, ನನಗೆ ಬೇಡವಾಗಿದ್ದ ಅದೇ ಬಿಸ್ಕತ್ತಿನ ಎರಡು ಪೊಟ್ಟಣ ಕೊಂಡು, ಬೆವರೊರೆಸಿಕೊಂಡು ಹೊರಗೆ ಬಂದೆ. ಎಂಟು ವರ್ಷವಾಯಿತು, ನನ್ನ ಕೈ ಇನ್ನೂ ನನಗಿಂತ ಮೊದಲೇ ಹೆದರುತ್ತದೆ. ಯಾಕೆ ಅನ್ನುವುದನ್ನು ನಿಮಗೆ ಹೇಳಬೇಕು. ಹೇಳುವಾಗ ಅಲ್ಲಲ್ಲಿ ನೀವು ನನ್ನನ್ನು ನೋಡಿ ನಗಬೇಕಾಗುತ್ತದೆ, ಸಂಕೋಚ ಪಟ್ಟುಕೊಳ್ಳಬೇಡಿ.

ಆಗ ನಾನು ಎಂ.ಕಾಂ. ಮುಗಿಸಿ, ಚಿಲ್ಲರೆ ಮತ್ತು ಸಗಟು ಅಂಗಡಿಗಳಲ್ಲಿ ಕೆಲಸ ಮಾಡಬಯಸುವವರಿಗೆ ಮೂರು ತಿಂಗಳ ತರಬೇತಿ ಕೊಡುವ ಒಂದು ಕೇಂದ್ರದಲ್ಲಿ ಬೋಧಕಿಯಾಗಿದ್ದೆ. ಹೊಸಪೇಟೆಯ ಒಂದು ಹೊಲಿಗೆ ಅಂಗಡಿಯ ಮೇಲಿನ ಹಾಲು ನಮ್ಮ ತರಗತಿ. ಕೆಳಗೆ ಮಿಷನ್ನು ಓಡಿದಾಗಲೆಲ್ಲ ಮೇಲೆ ನನ್ನ ಪಾಠಕ್ಕೂ ಒಂದು ವೇಗ ಬರುತ್ತಿತ್ತು. ಅಂಗಡಿಯ ಬಗ್ಗೆ ನನಗಿದ್ದ ಅನುಭವ ಹೇಳುತ್ತೇನೆ: ಜೀವಮಾನದಲ್ಲಿ ಒಂದು ಕಿಲೋ ಸಕ್ಕರೆ ತೂಗಿ ಕೊಟ್ಟವಳಲ್ಲ. ಬೋಧಕರಿಗೇ ತರಬೇತಿ ಅಂತ ಹುಬ್ಬಳ್ಳಿಯಲ್ಲಿ ಮೂರು ದಿನ ಇಟ್ಟುಕೊಂಡಿದ್ದರು. ಅಲ್ಲಿ ಮೇಜಿನ ಮೇಲೆ ಎಂಟು ಖಾಲಿ ರಟ್ಟಿನ ಪೆಟ್ಟಿಗೆ ಸಾಲಾಗಿ ಇಟ್ಟು, ಅದನ್ನೇ ಗೋದಾಮು ಅಂದುಕೊಳ್ಳಿ ಅಂದಿದ್ದರು. ಅಂದುಕೊಂಡೆ. ಊಟ ಮಾತ್ರ ಚೆನ್ನಾಗಿತ್ತು.

ಕಲಿಯಲು ಬಂದವರು ನನಗಿಂತ ಬಲ್ಲವರು. ಹಂಪಿಯಲ್ಲಿ ಪ್ರವಾಸಿಗರಿಗೆ ಮಣಿಸರ ಮಾರುತ್ತಿದ್ದವನೊಬ್ಬನಿದ್ದ. ಗಿರಾಕಿ ಒಳಗೆ ಬಂದ ಅರ್ಧ ನಿಮಿಷದಲ್ಲಿ ನಮಸ್ಕಾರ ಹೇಳಬೇಕು ಎಂದು ನಾನು ಪುಸ್ತಕ ನೋಡಿ ಹೇಳಿದರೆ, ಹಂಪಿಯಲ್ಲಿ ನಮಸ್ಕಾರ ಹೇಳಿದ ಕೂಡಲೇ ಅವರು ಓಡಿಹೋಗುತ್ತಾರೆ, ಬೇರೆ ಕಡೆ ನೋಡುತ್ತ ಕೂತರೆ ತಾವೇ ಬರುತ್ತಾರೆ ಅಂದ. ಕರಡಿಧಾಮವಿರುವ ದರೋಜಿಯಿಂದ ಬರುತ್ತಿದ್ದವನಂತೂ, ನಮ್ಮೂರ ಅಂಗಡಿಗೆ ಕರಡಿ ಬಂದರೆ ಎಷ್ಟು ಹೊತ್ತಿಗೆ ನಮಸ್ಕಾರ ಹೇಳಬೇಕು ಎಂದು ಕೈಯೆತ್ತಿ ಕೇಳಿದ. ಇಡೀ ಹಾಲು ನಕ್ಕಿತು. ನಾನೂ ನಕ್ಕೆ, ಆದರೆ ಸ್ವಲ್ಪ ತಡವಾಗಿ.

ಆ ದಿನ ನಗದೆ ಕೂತವಳು ಒಬ್ಬಳೇ, ರೇಣುಕಾ. ಮೂವತ್ತೈದರ ಆಸುಪಾಸಿನ ಹೆಂಗಸು. ಯಶವಂತನಗರದವಳು. ಗಣಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಏಳು ವರ್ಷ ದಿನಸಿ ಕೋಣೆ ನೋಡಿಕೊಂಡಿದ್ದಳು. ಕ್ಯಾಂಟೀನು ಮುಚ್ಚಿತು, ಕೆಲಸ ಹೋಯಿತು. ಬೆಳಿಗ್ಗೆ ಸಂಡೂರಿನ ಬಸ್ಸು ಹಿಡಿದು ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದಳು. ಗಿರಾಕಿಯನ್ನು ನಗುನಗುತ್ತ ಮಾತಾಡಿಸುವ ಅಭ್ಯಾಸ ಮಾಡಿಸುವಾಗ ಆಕೆಯ ಸರದಿ ಬಂದರೆ, ಗಿರಾಕಿಯ ಪಾತ್ರ ಮಾಡುತ್ತಿದ್ದವರು ಏನೂ ಕೊಳ್ಳದೆ ತಮ್ಮ ಜಾಗಕ್ಕೆ ಹೋಗಿ ಕೂರುತ್ತಿದ್ದರು. ಕೊನೆಗೆ ಆಕೆಯೇ ನನ್ನ ಬಳಿ ಬಂದು, "ನಗೋ ಕೆಲಸ ನನ್ನ ಕಡಿಂದ ಆಗಂಗಿಲ್ರಿ ಮೇಡಂ. ಸಾಮಾನು ನೋಡ್ಕೊಳ್ಳೋ ಕೆಲಸ ಕೊಡಸ್ರಿ. ಅಕ್ಕಿ, ಬ್ಯಾಳಿ ನನ್ನ ಮಾರಿ ನೋಡಂಗಿಲ್ಲ" ಅಂದಳು.

ಪುಸ್ತಕದ ಎಲ್ಲ ಪಾಠಗಳಲ್ಲಿ ಆಕೆಯ ಮನಸ್ಸಿಗೆ ಹಿಡಿಸಿದ್ದು ಒಂದೇ: ಹಳೇ ಮಾಲು ಮೊದಲು. ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕು, ಇಲ್ಲವಾದರೆ ಕೆಡುತ್ತದೆ. ನಾನು ಬೋರ್ಡಿನ ಮೇಲೆ ಮೂರು ಬಣ್ಣದ ಸುಣ್ಣದಕಡ್ಡಿಯಲ್ಲಿ ಪೆಟ್ಟಿಗೆಗಳ ಚಿತ್ರ ಬಿಡಿಸಿ ವಿವರಿಸಿದೆ. ನನ್ನ ಚಿತ್ರದ ಪೆಟ್ಟಿಗೆಗಳು ಒಂದರ ಪಕ್ಕ ಒಂದಿದ್ದವು. ಒಂದರ ಮೇಲೊಂದು ಇಟ್ಟಿದ್ದರೆ ಏನು ಮಾಡಬೇಕು ಎಂದು ಹುಬ್ಬಳ್ಳಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನನಗೂ ಕೇಳಬೇಕೆಂದು ಹೊಳೆದಿರಲಿಲ್ಲ.

ಕೊನೆಯ ಹದಿನೈದು ದಿನ ಅಂಗಡಿಗಳಲ್ಲೇ ಕೆಲಸ ಕಲಿಯಬೇಕು. ರೇಣುಕಾಳನ್ನು ಕಂಪ್ಲಿ ರಸ್ತೆಯಲ್ಲಿ ಗೋದಾಮಿದ್ದ ಒಬ್ಬ ಸಗಟು ಕಿರಾಣಿ ಸಾವ್ಕಾರರ ಬಳಿ ಕಳಿಸಿದೆ. ಅವರ ಗೋದಾಮು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಿದ್ದರು. ಹದಿನೈದು ದಿನ ಸರಿಯಾಗಿ ಮಾಡಿ ತೋರಿಸಿದರೆ ಆ ಕೆಲಸ ಈಕೆಗೇ ಎಂದು ಸಾವ್ಕಾರರು ನನ್ನೆದುರೇ ಮಾತು ಕೊಟ್ಟರು. ಆ ಸಾಲಿನ ಯಾವ ಗೋದಾಮಿನಲ್ಲೂ ಅಲ್ಲಿಯವರೆಗೆ ಹೆಂಗಸರು ಆ ಕೆಲಸದಲ್ಲಿ ಇರಲಿಲ್ಲ. ಅಂದು ಬಸ್ ಸ್ಟಾಂಡಿನವರೆಗೆ ರೇಣುಕಾಳ ಜೊತೆ ನಡೆದೆ. ಬಸ್ಸು ಹತ್ತುವಾಗ ತಿರುಗಿ ನೋಡಿದಳು, ನಕ್ಕಳು. ಗಿರಾಕಿಗಳ ಪುಣ್ಯ, ಯಾರೂ ಅಲ್ಲಿರಲಿಲ್ಲ. ಇದ್ದಿದ್ದರೆ ಅಂಗಡಿಯನ್ನೇ ಕೊಂಡುಬಿಡುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಪರಿಶೀಲನೆಯ ಫಾರಂ ಹಿಡಿದು ಗೋದಾಮಿಗೆ ಹೋದೆ. ಚೀಲದ ಮೇಲೆ ಚೀಲ ಪೇರಿಸಿದ್ದಕ್ಕೆ ಅಲ್ಲಿ ಅಟ್ಟಿ ಅನ್ನುತ್ತಾರೆ. ಅಕ್ಕಿಯ ಅಟ್ಟಿ ನನ್ನ ಎರಡರಷ್ಟು ಎತ್ತರವಿತ್ತು. ಹಮಾಲರ ಮುಖ್ಯಸ್ಥ ಹುಲುಗಪ್ಪ, ಐವತ್ತೈದು ದಾಟಿದ ಸಣಕಲು ಮನುಷ್ಯ, ಚಹಾ ಕುಡಿಯಲು ಹೊರಗೆ ಹೋಗಿದ್ದ. ಅಂಗಡಿಯಿಂದ ಹತ್ತು ಚೀಲ ಅಕ್ಕಿ ಬೇಕೆಂದು ಹೇಳಿ ಕಳಿಸಿದ್ದರು. ಹುಲುಗಪ್ಪ ಬರುವಷ್ಟರಲ್ಲಿ ಹೊರಗೆ ಎಳೆದಿಡೋಣ ಎಂದು ರೇಣುಕಾ ಅಟ್ಟಿಯ ಮುಂದೆ ಕೂತು ಚೀಲಗಳ ಚೀಟಿ ಓದುತ್ತಿದ್ದಳು. ಎಲ್ಲಕ್ಕಿಂತ ಹಳೆಯವು ಎಲ್ಲಕ್ಕಿಂತ ಕೆಳಗಿದ್ದವು. ನನ್ನನ್ನು ಕಂಡು, "ಹಳೇ ಮಾಲು ಮೊದಲು, ಹೌದಲ್ರಿ ಮೇಡಂ?" ಅಂದಳು.

ಹೌದು ಅಂದೆ. ಈ ಒಂದು ಹೌದನ್ನು ನಾನು ಎಂಟು ವರ್ಷದಿಂದ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಮೂಲೆಯಲ್ಲಿ ಸ್ವಲ್ಪ ಮುಂದಕ್ಕೆ ಚಾಚಿದ್ದ ತಳದ ಚೀಲಕ್ಕೆ ಆಕೆ ಕೊಕ್ಕೆ ಹಾಕಿ ಎಳೆದಳು. ಬಂತು. ನಾನು ಹೆಮ್ಮೆಯಿಂದ, ಫಾರಂನಲ್ಲಿ 'ಹಳೆಯ ದಾಸ್ತಾನು ಗುರುತಿಸುವಿಕೆ' ಎಂಬುದರ ಮುಂದೆ ಸರಿ ಗುರುತು ಹಾಕಲು ಪೆನ್ನಿಟ್ಟೆ. ಎರಡನೆಯ ಚೀಲ ಅರ್ಧ ಬಂದಿತ್ತು. ಆಗ ಎಲ್ಲೋ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಸಣ್ಣ ಸದ್ದಾಯಿತು. ನನಗೆ ಅದು ಕೇಳಿಸಿತು, ಅದರಲ್ಲಿ ಅರ್ಥವಿದೆ ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಆಗಷ್ಟೇ ಚಹಾ ಹಿಡಿದು ಬಾಗಿಲಿಗೆ ಬಂದಿದ್ದ ಹುಲುಗಪ್ಪನಿಗೆ ಗೊತ್ತಾಯಿತು. ಚಹಾದ ಗ್ಲಾಸು ನನ್ನ ಕಾಲ ಬಳಿ ಬಿತ್ತು. ಆತ ನನ್ನನ್ನು ದಾಟಿ ಹೋದದ್ದು ಕಾಣಲೇ ಇಲ್ಲ. ರೇಣುಕಾಳ ರಟ್ಟೆ ಹಿಡಿದು ಗೋಡೆಯ ಕಡೆ ಬೀಸಿ ಒಗೆದದ್ದು ಕಂಡಿತು. ಅಟ್ಟಿ ಬಿದ್ದಿತು ಅನ್ನುವುದು ಸರಿಯಾದ ಮಾತಲ್ಲ. ಮೊದಲು ಅದು ಮುಂದಕ್ಕೆ ಬಾಗಿತು, ಯೋಚಿಸುವ ಹಾಗೆ ಒಂದು ಕ್ಷಣ ನಿಂತಿತು, ಆಮೇಲೆ ಬಂತು. ಆಕೆ ಕೂತಿದ್ದ ಜಾಗದಲ್ಲಿ ಎದೆಮಟ್ಟ ಚೀಲಗಳಿದ್ದವು. ಧೂಳು.

ಈಗಲೂ ಆ ಒಂದು ಕ್ಷಣವೇ ಮರಳಿ ಮರಳಿ ಬರುತ್ತದೆ. ಪಾತ್ರೆ ತೊಳೆಯುವಾಗ ಬರುತ್ತದೆ, ಬಸ್ಸಿನ ಕಿಟಕಿಯಲ್ಲಿ ಬರುತ್ತದೆ. ಪ್ರತಿ ಸಲ ನಾನು ಬ್ಯಾಡ ಅನ್ನಲು ಬಾಯಿ ತೆರೆಯುತ್ತೇನೆ. ಪ್ರತಿ ಸಲ ನನಗಿಂತ ಮೊದಲು ಹುಲುಗಪ್ಪ ಹೋಗಿರುತ್ತಾನೆ. ಫಾರಂ ನನ್ನಲ್ಲಿ ಇನ್ನೂ ಇದೆ: ಸರಿ ಗುರುತಿನ ಬಾಲ ಹಾಳೆಯ ಕೊನೆಯವರೆಗೂ ಇಳಿದಿದೆ.

ಧೂಳಿನೊಳಗಿಂದ ಮೊದಲು ಬಂದ ಮಾತು ರೇಣುಕಾಳದು. "ಕಾಕಾ, ನಿಮ್ಮ ಚಾ ಚೆಲ್ಲಿತಲ್ರಿ."

ಹುಲುಗಪ್ಪ ನೆಲಕ್ಕೆ ಕೂತ. "ಚಾ ಬಿಡವ್ವಾ," ಅಂದ, "ಚಪ್ಪಲಿ ಒಂದು ಒಳಗ ಹೋತು." ಮೂವರೂ ನಕ್ಕೆವು. ನಾನು ನಗುತ್ತಿದ್ದೇನೆ ಎಂದುಕೊಂಡಿದ್ದೆ. ಅಳುತ್ತಿದ್ದೆ ಎಂದು ಆಮೇಲೆ ರೇಣುಕಾ ಹೇಳಿದಳು. ಚಪ್ಪಲಿ ಮರುದಿನ ಸಿಕ್ಕಿತು, ಜೋಳದ ರೊಟ್ಟಿಯ ಹಾಗೆ ಚಪ್ಪಟೆಯಾಗಿ.

ಸಾವ್ಕಾರರು ಓಡಿ ಬಂದರು. ಯಾರಿಗೂ ಏನೂ ಆಗಿಲ್ಲವೆಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಅವರಿಗೆ ಸಿಟ್ಟು ಬಂತು. ಹೆಣ್ಣುಮಕ್ಕಳಿಗೆ ಗೋದಾಮು ಸಲ್ಲದು, ಬೇಕಾದರೆ ಈಕೆ ಕೌಂಟರಿನಲ್ಲಿ ನಿಂತುಕೊಳ್ಳಲಿ ಅಂದರು. ಆಕೆ ಮಾಡಿದ್ದು ನಾನು ಕಲಿಸಿದ್ದನ್ನೇ, ತಪ್ಪು ನನ್ನದು ಅಂದೆ. ಹಾಗಾದರೆ ನಿಮಗೆ ಯಾರು ಕಲಿಸಿದರು ಎಂದು ಕೇಳಿದರು. ಎಂಟು ಖಾಲಿ ಪೆಟ್ಟಿಗೆಗಳ ಕಥೆ ಹೇಳಿದೆ. ಅವರು ನನಗೆ ನೀರು ತರಿಸಿಕೊಟ್ಟರು.

ರೇಣುಕಾ ಮಾತ್ರ ಗೋಡೆಗೊರಗಿ ನಿಂತಿದ್ದಳು. ಕೌಂಟರ್ ಅನ್ನುವ ಮಾತಿಗೆ ಆಕೆಯ ಮುಖ ಇಳಿದಷ್ಟು ಅಟ್ಟಿ ಬಿದ್ದಾಗಲೂ ಇಳಿದಿರಲಿಲ್ಲ.

ಅಷ್ಟರಲ್ಲಿ ಹುಲುಗಪ್ಪ ಒಡೆದಿದ್ದ ಒಂದು ಚೀಲದಿಂದ ಮುಷ್ಟಿ ಅಕ್ಕಿ ತಂದು ಸಾವ್ಕಾರರ ಮುಂದೆ ಅಂಗೈ ಬಿಚ್ಚಿದ. ತಳದ ಸಾಲಿನ ಅಕ್ಕಿ. ಅದರಲ್ಲಿ ನುಸಿ ಹರಿದಾಡುತ್ತಿತ್ತು.

"ಆಕಿ ಎಳದದ್ದು ತಪ್ಪು, ಹುಡುಕಿದ್ದು ತಪ್ಪಲ್ರಿ," ಅಂದ. "ಹಳೇದರ ಮ್ಯಾಲ ಹೊಸಾದು ಹೇರಿದೋರು ನಾವು. ಇಷ್ಟು ವರ್ಷ ಆತು, ಕೆಳಗ ಏನೈತಿ ಅಂತ ಯಾರೂ ಕೇಳಿದ್ದಿಲ್ಲ. ಉಳಿದ ದಿನ ಆಕಿನ್ನ ನನ್ನ ಕಡೆ ಬಿಡ್ರಿ. ಕಡೀ ದಿನ ನಾ ಬ್ಯಾಡ ಅಂದ್ರ ಬ್ಯಾಡ."

ಸಾವ್ಕಾರರು ಅಕ್ಕಿಯನ್ನು ನೋಡಿದರು, ಹುಲುಗಪ್ಪನ ಬರಿಗಾಲು ನೋಡಿದರು, ಸರಿ ಅಂದರು.

ಹಾಗೆ ಆ ಹನ್ನೊಂದು ದಿನ ನನ್ನ ವಿದ್ಯಾರ್ಥಿನಿ ನಿಜವಾದ ಮೇಷ್ಟರ ಕೈಗೆ ಹೋದಳು. ಚೀಲ ಹೊರುವ ಪಾಠವಲ್ಲ ಅದು. ಹೊರುವವರಿಗೆ ಎಲ್ಲಿಡಬೇಕೆಂದು ಹೇಳುವ ಪಾಠ. ಒಂದು ಸಾಲು ಉದ್ದಕ್ಕೆ ಹಾಕಿದರೆ ಮೇಲಿನದು ಅಡ್ಡಕ್ಕೆ. ಚೀಲದ ಬಾಯಿ ಒಳಗಡೆ. ಗೋಣಿ ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಚೀಲ ಜಾರುತ್ತದೆ, ಅದನ್ನು ಎತ್ತರಕ್ಕೆ ಒಯ್ಯಬಾರದು. ತೆಗೆಯುವುದು ಯಾವಾಗಲೂ ಮೇಲಿನಿಂದ, ಮೆಟ್ಟಿಲ ಹಾಗೆ. ನಾನು ದಿನವೂ ಹೋಗುತ್ತಿದ್ದೆ, ಬಾಗಿಲಾಚೆ ನಿಂತು ಬರೆದುಕೊಳ್ಳುತ್ತಿದ್ದೆ. ಒಳಗೆ ಬನ್ನಿ ಎಂದು ಅವರು ಕರೆದರೆ, ಇಲ್ಲೇ ಗಾಳಿ ಚೆನ್ನಾಗಿದೆ ಅನ್ನುತ್ತಿದ್ದೆ. ಮೇ ತಿಂಗಳ ಹೊಸಪೇಟೆಯಲ್ಲಿ!

ಹಳೆಯದನ್ನು ಮೊದಲು ತೆಗೆಯುವುದು ಹೇಗೆ ಅನ್ನುವುದಕ್ಕೆ ಉತ್ತರ ಹುಡುಕಿದವಳು ರೇಣುಕಾ. ಒಂದೇ ದೊಡ್ಡ ಅಟ್ಟಿಯ ಬದಲು ಎರಡು ಗಿಡ್ಡ ಅಟ್ಟಿ ಮಾಡೋಣ. ಒಂದು ಪೂರ್ತಿ ಖಾಲಿಯಾಗುವವರೆಗೆ ಇನ್ನೊಂದಕ್ಕೆ ಕೈ ಹಚ್ಚುವುದು ಬೇಡ, ಹೊಸ ಲಾರಿ ಬಂದರೆ ಖಾಲಿಯಾದ ಜಾಗಕ್ಕೆ ಇಳಿಸೋಣ ಅಂದಳು. ನಾನು ಓದಿದ ಪುಸ್ತಕದಲ್ಲಿ ಇದು ಇರಲಿಲ್ಲ. ಹುಲುಗಪ್ಪ ತಲೆ ಕೆರೆದುಕೊಂಡು, "ಇದು ನನಗ ಯಾಕ ಹೊಳೀಲಿಲ್ಲ ಲೇ" ಎಂದು ತನ್ನನ್ನೇ ಬೈದುಕೊಂಡ.

ಕೊನೆಯ ದಿನ ಆಕೆ ಹೇಳಿದ ಹಾಗೆ ಹಮಾಲರು ಹೊಸ ಅಟ್ಟಿ ಕಟ್ಟಿದರು. ಸಾವ್ಕಾರರು ಬಂದು ನಿಂತರು. ಪರೀಕ್ಷೆ ಏನಿರಬಹುದೆಂದು ನಾನು ಬಾಗಿಲಿಂದ ಕತ್ತು ಚಾಚಿದೆ. ಹುಲುಗಪ್ಪ ಬುತ್ತಿ ಬಿಚ್ಚಿದ, ಅಟ್ಟಿಯ ಬುಡಕ್ಕೆ ಬೆನ್ನು ಕೊಟ್ಟು ಕೂತ, ರೊಟ್ಟಿ ಮುರಿದ. ಆ ಗೋದಾಮಿನ ಹಮಾಲರ ಪದ್ಧತಿ ಅದು: ಹೊಸ ಅಟ್ಟಿಯ ಮೊದಲ ಊಟ ಮುಖ್ಯಸ್ಥನದು, ಅದಕ್ಕೇ ಒರಗಿಕೊಂಡು. ಒಪ್ಪಿಗೆಯಾಗದಿದ್ದರೆ ಆತ ದೂರ ಕೂತು ಉಣ್ಣುತ್ತಾನೆ, ಅಟ್ಟಿ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಎರಡು ರೊಟ್ಟಿ ಮುಗಿಯುವವರೆಗೆ ರೇಣುಕಾ ಕಣ್ಣು ಮಿಟುಕಿಸಲಿಲ್ಲ. ಆತ ನೀರು ಕುಡಿದು ಸಾವ್ಕಾರರತ್ತ ತಿರುಗಿ, "ಆಕಿಗೆ ಕೀಲಿ ಕೈ ಕೊಡ್ರಿ" ಅಂದ. ಕೊಟ್ಟರು. ಪ್ರಮಾಣಪತ್ರಕ್ಕೆ ನಾನು ಸಹಿ ಹಾಕಿದೆ. ಅದು ಹುಲುಗಪ್ಪ ಹಾಕಬೇಕಾದ ಸಹಿ.

ಮುಂದೆ ನಾನು ಮದುವೆಯಾಗಿ ಕಂಪ್ಲಿಗೆ ಹೋದೆ, ಕಾಲೇಜಿನಲ್ಲಿ ಪಾಠಕ್ಕೆ ಸೇರಿದೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಆ ಗೋದಾಮಿನ ಮುಂದೆಯೇ ಹಾದುಹೋಗುತ್ತಿದ್ದೆ, ಒಮ್ಮೆಯೂ ಇಳಿಯಲಿಲ್ಲ. ಹೋದ ಭಾನುವಾರದ ಪ್ರಸಂಗ ಆದ ಮೇಲೆ ನನಗೇ ನಾಚಿಕೆಯಾಗಿ ರೇಣುಕಾಳಿಗೆ ಫೋನ್ ಮಾಡಿದೆ. ಕಥೆ ಕೇಳಿ ಆಕೆ ನಗಲಿಲ್ಲ. ಮಂಗಳವಾರ ಬನ್ನಿ ಅಂದಳು. ಆ ದಿನ ತರಬೇತಿ ಕೇಂದ್ರದ ಹೊಸ ಬ್ಯಾಚಿನವರು ಅಟ್ಟಿಯ ಪಾಠಕ್ಕೆ ತನ್ನ ಬಳಿ ಬರುತ್ತಾರಂತೆ.

ಹೋದೆ. ಹುಲುಗಪ್ಪ ಈಗ ಮಲಪನಗುಡಿಯಲ್ಲಿ ಮಗಳ ಮನೆಯಲ್ಲಿ ಆರಾಮಾಗಿದ್ದಾನೆ ಎಂದಳು. ಹನ್ನೆರಡು ಜನ ಕಲಿಯುವವರು ನೆಲದ ಮೇಲೆ ಕೂತಿದ್ದರು. ನಾನು ಅಭ್ಯಾಸದಂತೆ ಬಾಗಿಲಲ್ಲಿ ನಿಂತೆ. ರೇಣುಕಾ ಬಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಅಟ್ಟಿಯ ಬುಡದಲ್ಲಿ ಒಂದು ಖಾಲಿ ಗೋಣಿ ಹಾಸಿ, "ಇದು ಮುಂಜಾನೆ ಕಟ್ಟಿದ್ದು. ನಾ ನಿಂತು ಕಟ್ಟಿಸೀನಿ. ಕುಂದ್ರಿ" ಅಂದಳು.

ಕೂತೆ. ಬೆನ್ನಿಗೂ ಚೀಲಕ್ಕೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಕೂತೆ. ಆಕೆ ಪಾಠ ಶುರು ಮಾಡಿದಳು: ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ. ನಾಲ್ಕು ಬೆರಳು ಎರಡಾಯಿತು. ಚೀಲದ ಬಾಯಿ ಒಳಗಡೆ. ಬೆನ್ನಿಗೆ ತಣ್ಣಗೆ ಏನೋ ತಾಗಿತು. ಅದು ಅಲುಗಲಿಲ್ಲ. ಸ್ವಲ್ಪ ಭಾರ ಬಿಟ್ಟೆ, ಅಲುಗಲಿಲ್ಲ. ಇನ್ನಷ್ಟು ಬಿಟ್ಟೆ.

ಆಮೇಲಿನದು ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಲಿಯುವವರೆಲ್ಲ ಹೋಗಿದ್ದರು, ಬಾಗಿಲ ಬಿಸಿಲು ಒಳಗಿನವರೆಗೆ ಬಂದಿತ್ತು. ರೇಣುಕಾ ಎದುರಿಗೆ ಕೂತು ಹಾಜರಿ ಪುಸ್ತಕ ಮಡಚುತ್ತಿದ್ದಳು. ಇಡೀ ಪಾಠವನ್ನು ಪಿಸುಮಾತಿನಲ್ಲಿ ಮುಗಿಸಿದಳಂತೆ.

"ಹಾಜರಿ ಹಾಕೀನ್ರಿ ಮೇಡಂ," ಅಂದಳು. "ಪಾಠ ಮಾತ್ರ ಇನ್ನೊಮ್ಮಿ ಬಂದು ಕೇಳ್ರಿ."

ಕಂಪ್ಲಿಯ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟು ಕೊಡುತ್ತ ನನ್ನ ಮುಖವನ್ನೇ ನೋಡಿದ. ಕೆನ್ನೆ ಮುಟ್ಟಿಕೊಂಡೆ: ಚೀಲದ ನೇಯ್ಗೆ ಅಷ್ಟೂ ಅಚ್ಚೊತ್ತಿತ್ತು. ಉಜ್ಜಿಕೊಳ್ಳಲಿಲ್ಲ.